137 ಮೆಗಾಹರ್ಟ್ಸ್‌ನಲ್ಲಿ ನೋವಾ ಕೇಳಿಸುತ್ತಿಲ್ಲ: ಬೆಂಗಳೂರಿನ ತಾರಸಿಯಿಂದ ಈಗ ಯಾವ ಹವಾಮಾನ ಚಿತ್ರ ಹಿಡಿಯಬಹುದು?

ಬನಶಂಕರಿ_ಬಾನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹವಾಮಾನ ಉಪಗ್ರಹದ ಚಿತ್ರವನ್ನು ನೇರವಾಗಿ ಮನೆಯಿಂದಲೇ ಹಿಡಿಯಲು ಜೋಡಿಸಿಕೊಂಡಿರುವ ಸಾಮಾನು ಇಷ್ಟು: ಆರ್‌ಟಿಎಲ್-ಎಸ್‌ಡಿಆರ್ ವಿ3 ಡಾಂಗಲ್ (ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ರೇಡಿಯೋ ಗ್ರಾಹಕ), ಎರಡು ಅಲ್ಯೂಮಿನಿಯಂ ಕಡ್ಡಿಗಳ ವಿ-ಡೈಪೋಲ್ ಆಂಟೆನಾ, 15 ಮೀಟರ್ ಆರ್‌ಜಿ-58 ಕೇಬಲ್, ಒಂದು ಲ್ಯಾಪ್‌ಟಾಪ್. ಆಂಟೆನಾ ತಾರಸಿಯ ಮೇಲಿದೆ. ಪ್ಯಾರಪೆಟ್ ಗೋಡೆ ಅಡ್ಡ ಬರದಿರಲಿ ಅಂತ 110 ಸೆಂ.ಮೀ. ಎತ್ತರದ ಪಿವಿಸಿ ಪೈಪಿನ ತುದಿಗೆ ಕಟ್ಟಿದೆ. ಸುತ್ತ ಎತ್ತರದ ಕಟ್ಟಡ ಇಲ್ಲ.

ನೆಟ್‌ನಲ್ಲಿ ಸಿಕ್ಕ ಮಾರ್ಗದರ್ಶಿಗಳೆಲ್ಲ 137.100, 137.620, 137.9125 ಮೆಗಾಹರ್ಟ್ಸ್‌ನಲ್ಲಿ ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಟಿಕ್-ಟಾಕ್ ಸದ್ದು ಕೇಳುತ್ತೆ ಅನ್ನುತ್ತವೆ. ಇಲ್ಲಿ ಮೂರೂ ಖಾಲಿ. ವಾಟರ್‌ಫಾಲ್‌ನಲ್ಲಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಬಲ ಅಂತ ತೋರಿಸುವ ಪರದೆ) ಒಂದೇ ಅಂತರದಲ್ಲಿ ಉದ್ದುದ್ದ ಗೆರೆಗಳು ಕಾಣುತ್ತವೆ. ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಿದರೆ ಗದ್ದಲದ ಇಡೀ ತಳ ಮೇಲೇಳುತ್ತೆ, ಸಿಗ್ನಲ್ ಮಾತ್ರ ಇಲ್ಲ.

ಕೇಳಬೇಕಾದ್ದು ಮೂರು. ತಪ್ಪು ಎಲ್ಲಿದೆ? 1960ರ ಅಮೆರಿಕದ ಟೈರೋಸ್ ಕೂಡ ಟಿವಿ ಕ್ಯಾಮೆರಾದ ಹವಾಮಾನ ಉಪಗ್ರಹವೇ ಅಂತೆ. ಆಗಲೂ ಹೀಗೇ ಯಾರು ಬೇಕಾದರೂ ಚಿತ್ರ ಹಿಡಿಯಬಹುದಿತ್ತಾ, ಅಥವಾ ಇದು ಆಮೇಲೆ ಬಂದದ್ದಾ? ನಮ್ಮದೇ ಇನ್ಸಾಟ್ ತಲೆಯ ಮೇಲಿರುವಾಗ ಅದರಿಂದ ನೇರವಾಗಿ ಯಾಕೆ ಆಗಲ್ಲ?

ಅಲೆಮನೆ

ಮೊದಲ ಪ್ರಶ್ನೆಗೆ ಉತ್ತರ: ನೋವಾ ಹುಡುಕುವುದನ್ನು ನಿಲ್ಲಿಸಿ, ಅವು ಈಗ ಇಲ್ಲ. ನೋವಾ-18 ಅನ್ನು 2025ರ ಜೂನ್ 6ರಂದು ಕಾಯಂ ಆಗಿ ನಿಲ್ಲಿಸಿದರು, ನೋವಾ-19 ಅನ್ನು ಆಗಸ್ಟ್ 13ರಂದು, ನೋವಾ-15 ಅನ್ನು ಆಗಸ್ಟ್ 19ರಂದು. ಇವು ಮೂರೂ ಹೋದ ಮೇಲೆ ಚಿತ್ರವನ್ನು ಸದ್ದಾಗಿ ಕಳಿಸುವ ಎಪಿಟಿ ಪದ್ಧತಿಯ ಪ್ರಸಾರವೇ ಮುಗಿಯಿತು. ಅದಕ್ಕಿಂತ ಹಿಂದೆ ಬರೆದ ಮಾರ್ಗದರ್ಶಿಗಳಲ್ಲಿ ಆಂಟೆನಾ ಭಾಗ ಇವತ್ತಿಗೂ ಸರಿ, ಫ್ರೀಕ್ವೆನ್ಸಿ ಮತ್ತು ಸಾಫ್ಟ್‌ವೇರ್ ಭಾಗ ಬಿಡಿ.

ಈಗ ಅದೇ ಬ್ಯಾಂಡ್‌ನಲ್ಲಿ ಸಿಗುವುದು ರಷ್ಯಾದ ಮಿಟಿಯೋರ್-ಎಂ2-3 (2023ರ ಜೂನ್) ಮತ್ತು ಮಿಟಿಯೋರ್-ಎಂ2-4 (2024ರ ಫೆಬ್ರವರಿ). ಇವುಗಳದು ಎಲ್‌ಆರ್‌ಪಿಟಿ ಅನ್ನುವ ಡಿಜಿಟಲ್ ಪ್ರಸಾರ, 137.9 ಅಥವಾ 137.1ರಲ್ಲಿ. ಟಿಕ್-ಟಾಕ್ ಇರಲ್ಲ. ಕಿವಿಗೆ ಬರೀ ಹಿಸ್ ಅನ್ನುವ ಸದ್ದು, ಅದಕ್ಕೇ ಎಷ್ಟೋ ಜನ ಬಂದ ಸಿಗ್ನಲ್ಲನ್ನೇ ಗದ್ದಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕಣ್ಣಲ್ಲಿ ಹುಡುಕಿ: ವಾಟರ್‌ಫಾಲ್‌ನಲ್ಲಿ ಸುಮಾರು 120 ಕಿಲೋಹರ್ಟ್ಸ್ ಅಗಲದ, ತಲೆ ಚಪ್ಪಟೆಯಾದ ದಿಬ್ಬದ ಹಾಗೆ ಏಳುತ್ತೆ, ಹತ್ತು ಹನ್ನೆರಡು ನಿಮಿಷಕ್ಕೆ ಇಳಿದುಹೋಗುತ್ತೆ.

ಸಾಫ್ಟ್‌ವೇರ್ ಸ್ಯಾಟ್‌ಡಂಪ್. ಅದರಲ್ಲಿ ಮಿಟಿಯೋರ್ ಎಂ2-ಎಕ್ಸ್ ಎಲ್‌ಆರ್‌ಪಿಟಿ 72ಕೆ ಅನ್ನುವ ಪೈಪ್‌ಲೈನ್ (ಸಿಗ್ನಲ್ಲಿನಿಂದ ಚಿತ್ರ ಬಿಡಿಸುವ ಕ್ರಮ) ಆರಿಸಿ. 80ಕೆ ಅಂತ ಇನ್ನೊಂದು ಇರುತ್ತೆ, ಅದಲ್ಲ. ಯಾವ ಫ್ರೀಕ್ವೆನ್ಸಿಯಲ್ಲಿದೆ ಅಂತ ಗೊತ್ತಿಲ್ಲದಾಗ 137.5ಕ್ಕೆ ಟ್ಯೂನ್ ಮಾಡಿ, ಸ್ಯಾಂಪಲ್ ರೇಟ್ 2.4 (ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್) ಇಡಿ, ಎರಡೂ ಕಡೆ ಒಟ್ಟಿಗೇ ಕಾಣುತ್ತೆ. ದಿಬ್ಬ ಯಾವ ಕಡೆ ಎದ್ದಿತು ಅಂತ ನೋಡಿಕೊಂಡು ಮುಂದಿನ ಸಲ ಅಲ್ಲಿಗೇ ಟ್ಯೂನ್ ಮಾಡಿ 1.024 ಸಾಕು. ಕಚ್ಚಾ ರೆಕಾರ್ಡಿಂಗ್ ಇಟ್ಟುಕೊಳ್ಳುವುದಾದರೆ ಒಂದು ಎಚ್ಚರಿಕೆ: 2.4ರ ವೇಗದಲ್ಲಿ 8 ಬಿಟ್ ರೆಕಾರ್ಡಿಂಗ್ ಸೆಕೆಂಡಿಗೆ 4.8 ಎಂಬಿ ತಿನ್ನುತ್ತೆ, 15 ನಿಮಿಷಕ್ಕೆ 4.3 ಜಿಬಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾಗಿದ್ದರೆ ಅಷ್ಟು ದೊಡ್ಡ ಫೈಲ್ ಹಿಡಿಸಲ್ಲ, ಕೊನೆಗೆ ಬಂದು ಫೈಲ್ ತುಂಡಾಗುತ್ತೆ.

ಉಪಗ್ರಹ ಬರುವ ಹೊತ್ತು ತಿಳಿಯಲು ಜಿಪ್ರೆಡಿಕ್ಟ್ ಅನ್ನುವ ಸಾಫ್ಟ್‌ವೇರ್ ಸಾಕು. ಸ್ಥಳ 12.97 ಉತ್ತರ, 77.59 ಪೂರ್ವ, ಎತ್ತರ 920 ಮೀಟರ್ ಅಂತ ಕೊಡಿ. ಕಕ್ಷೆಯ ಮಾಹಿತಿ ಅಂದರೆ ಟಿಎಲ್‌ಇ ವಾರಕ್ಕೊಮ್ಮೆಯಾದರೂ ಅಪ್‌ಡೇಟ್ ಆಗಲಿ. ಮೊದಲ ಪ್ರಯತ್ನಕ್ಕೆ ದಿಗಂತದಿಂದ 40 ಡಿಗ್ರಿಗಿಂತ ಎತ್ತರದಲ್ಲಿ ಹಾದುಹೋಗುವ ಪಾಸ್ ಮಾತ್ರ ಆರಿಸಿಕೊಳ್ಳಿ.

ಮೋಡಪಟ

ಎರಡನೇ ಪ್ರಶ್ನೆ ತುಂಬಾ ಒಳ್ಳೆಯದು, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಚುಟುಕಾಗಿ ಹೇಳುವುದಾದರೆ ಇಲ್ಲ, 1960ರಲ್ಲಿ ಯಾರು ಬೇಕಾದರೂ ಹಿಡಿಯುವ ಹಾಗಿರಲಿಲ್ಲ. ಆ ಸೌಲಭ್ಯ ಬಂದದ್ದು 1963ರ ಕೊನೆಗೆ.

ಟೈರೋಸ್-1 ಹಾರಿದ್ದು 1960ರ ಏಪ್ರಿಲ್ 1ರಂದು, ಕೇಪ್ ಕೆನವೆರಲ್‌ನಿಂದ. ಸುಮಾರು 120 ಕೆಜಿ ತೂಕ, 18 ಮುಖಗಳ ದೊಡ್ಡ ಡಬ್ಬಿಯ ಆಕಾರ, ಅಡ್ಡಗಲ ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಮೈತುಂಬ ಸೌರಕೋಶ. ತಳದಲ್ಲಿ ಎರಡು ವಿಡಿಕಾನ್ (ಚಿತ್ರ ಹಿಡಿಯುವ ಗಾಜಿನ ನಳಿಗೆ) ಟಿವಿ ಕ್ಯಾಮೆರಾ: ಒಂದು ಅಗಲ ನೋಟದ್ದು, ಇನ್ನೊಂದು ಕಿರಿದಾದ ನೋಟದ್ದು. ಒಂದು ಚಿತ್ರಕ್ಕೆ 500 ಗೆರೆ. ನೆಲದ ಕೇಂದ್ರ ಕಣ್ಣಳತೆಯಲ್ಲಿ ಇಲ್ಲದಾಗ ತೆಗೆದ ಚಿತ್ರಗಳು ಟೇಪಿನಲ್ಲಿ ಉಳಿಯುತ್ತಿದ್ದವು, ಪ್ರತಿ ಕ್ಯಾಮೆರಾಕ್ಕೆ 32 ಚಿತ್ರ. ಕೇಂದ್ರದ ಮೇಲೆ ಬಂದಾಗ ಆಜ್ಞೆ ಕೊಟ್ಟು ಅಷ್ಟನ್ನೂ 235 ಮೆಗಾಹರ್ಟ್ಸ್‌ನಲ್ಲಿ ಇಳಿಸಿಕೊಳ್ಳಬೇಕು. ಆಜ್ಞೆ ಕೊಡುವ ಅಧಿಕಾರ, ದೊಡ್ಡ ಆಂಟೆನಾ, ಟಿವಿ ಚಿತ್ರವನ್ನು ಫಿಲ್ಮಿಗೆ ಇಳಿಸುವ ಸಲಕರಣೆ, ಎಲ್ಲ ಇದ್ದದ್ದು ನ್ಯೂಜೆರ್ಸಿಯ ಫೋರ್ಟ್ ಮನ್ಮತ್ ಮತ್ತು ಹವಾಯಿಯ ಕಯೇನಾ ಪಾಯಿಂಟ್‌ನಂಥ ಕೇಂದ್ರಗಳಲ್ಲಿ ಮಾತ್ರ.

ಇನ್ನೊಂದು ತೊಡಕು ಅದರ ಭಂಗಿಯದು. ಬುಗುರಿ ಹಾಗೆ ನಿಮಿಷಕ್ಕೆ 8ರಿಂದ 12 ಸುತ್ತು ತಿರುಗುತ್ತ ಸ್ಥಿರವಾಗಿರುತ್ತಿತ್ತು. ತಿರುಗುವ ಬುಗುರಿಯ ಅಕ್ಷ ಆಕಾಶದಲ್ಲಿ ಒಂದೇ ದಿಕ್ಕಿಗೆ ನೆಟ್ಟಿರುತ್ತದೆ, ಭೂಮಿಯ ಕಡೆಗಲ್ಲ. ಹಾಗಾಗಿ ತಳದ ಕ್ಯಾಮೆರಾ ಭೂಮಿಗೆ ಹಾಕುವ ಪ್ರತಿ ಪ್ರದಕ್ಷಿಣೆಯ ಸ್ವಲ್ಪ ಭಾಗದಲ್ಲಿ ಮಾತ್ರ ಭೂಮಿಯನ್ನು ನೋಡುತ್ತಿತ್ತು, ಉಳಿದ ಹೊತ್ತು ಖಾಲಿ ಆಕಾಶವನ್ನು. ಸಾಲದ್ದಕ್ಕೆ ಆ ಅಕ್ಷವೂ ದಿನದಿಂದ ದಿನಕ್ಕೆ ಸರಿಯತೊಡಗಿತು. ಉಪಗ್ರಹದೊಳಗಿನ ವಿದ್ಯುತ್ ಪ್ರವಾಹದ ಕಾಂತತ್ವವನ್ನು ಭೂಮಿಯ ಕಾಂತಕ್ಷೇತ್ರ ತಿರುಚುತ್ತಿದೆ ಅಂತ ಗೊತ್ತಾಯಿತು. ತೊಂದರೆ ಕೊಟ್ಟ ಅದೇ ಬಲವನ್ನು ಆ ವರ್ಷ ನವೆಂಬರ್‌ನಲ್ಲಿ ಹಾರಿದ ಟೈರೋಸ್-2ರಲ್ಲಿ ಬಳಸಿಕೊಂಡರು: ಮೈಸುತ್ತ ತಂತಿಯ ಸುರುಳಿ ಹಾಕಿ, ಬೇಕಾದಷ್ಟು ಕರೆಂಟು ಹರಿಸಿ ಅಕ್ಷವನ್ನು ತಿರುಗಿಸುವ ಏರ್ಪಾಡು. ಕಾಂತ ಸುರುಳಿಯಿಂದ ಭಂಗಿ ತಿದ್ದುವ ಉಪಾಯ ಇವತ್ತಿನ ಪುಟ್ಟ ಉಪಗ್ರಹಗಳಲ್ಲೂ ನಡೆಯುತ್ತಿದೆ.

78 ದಿನದಲ್ಲಿ ಟೈರೋಸ್-1 ಕಳಿಸಿದ್ದು 22,952 ಚಿತ್ರ. ಪ್ರತಿಯೊಂದರಲ್ಲೂ ಅದು ಭೂಮಿಯ ಯಾವ ಭಾಗ ಅಂತ ಮನುಷ್ಯರೇ ಕಂಡುಹಿಡಿಯಬೇಕಿತ್ತು. ಹೊತ್ತು, ಕಕ್ಷೆ, ಕಂಡ ಕರಾವಳಿಯ ತುಣುಕು ಹಿಡಿದು ಅಕ್ಷಾಂಶ ರೇಖಾಂಶದ ಜಾಲ ಎಳೆದು, ಮೋಡದ ನಕ್ಷೆಯನ್ನು ಕೈಯಲ್ಲಿ ಬರೆದು, ಅದನ್ನು ಫ್ಯಾಕ್ಸ್‌ನಲ್ಲಿ ಹವಾಮಾನ ಕಚೇರಿಗಳಿಗೆ ಕಳಿಸುತ್ತಿದ್ದರು. ಅಂದರೆ ಬೇರೆ ದೇಶದ ಮುನ್ಸೂಚಕರ ಕೈಗೆ ಬರುತ್ತಿದ್ದದ್ದು ಚಿತ್ರವಲ್ಲ, ಯಾರೋ ಚಿತ್ರ ನೋಡಿ ಬರೆದ ನಕ್ಷೆ, ಅದೂ ತಡವಾಗಿ.

ಇದನ್ನು ಬದಲಿಸಿದ್ದು ಎಪಿಟಿ, ಅಂದರೆ ತಾನಾಗಿ ಚಿತ್ರ ಕಳಿಸುವ ವ್ಯವಸ್ಥೆ. 1963ರ ಡಿಸೆಂಬರ್ 21ರಂದು ಹಾರಿದ ಟೈರೋಸ್-8ರಲ್ಲಿ ಇದರ ಮೊದಲ ಪರೀಕ್ಷೆ. ಉಪಾಯ ಇರುವುದು ನಿಧಾನದಲ್ಲಿ. ಸಾಮಾನ್ಯ ಟಿವಿ ಕ್ಯಾಮೆರಾ ಒಂದು ಚಿತ್ರವನ್ನು ಸೆಕೆಂಡಿನ ಒಂದು ಚೂರಿನಲ್ಲಿ ಓದಿ ಮುಗಿಸುತ್ತದೆ, ಅದಕ್ಕೆ ಅಗಲವಾದ ಬ್ಯಾಂಡ್ ಬೇಕು, ಅಷ್ಟು ಅಗಲಕ್ಕೆ ದೊಡ್ಡ ಆಂಟೆನಾ ಬೇಕು. ಎಪಿಟಿ ಕ್ಯಾಮೆರಾದ ವಿಡಿಕಾನ್ ಮೇಲೆ ಪಾಲಿಸ್ಟೈರಿನ್ ಪದರ ಬಳಿದರು. ಬಿದ್ದ ಚಿತ್ರವನ್ನು ಅದು ವಿದ್ಯುದಾವೇಶದ ರೂಪದಲ್ಲಿ ನಿಮಿಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆಗ ಅವಸರ ಇಲ್ಲ: ಸೆಕೆಂಡಿಗೆ ನಾಲ್ಕೇ ಗೆರೆಯ ಹಾಗೆ 200 ಸೆಕೆಂಡಿನಲ್ಲಿ 800 ಗೆರೆ ಓದಬಹುದು. ಅಷ್ಟು ನಿಧಾನಕ್ಕೆ ಬರುವ ಮಾಹಿತಿ 2400 ಹರ್ಟ್ಸ್‌ನ ಒಂದು ಸ್ವರದ ಏರಿಳಿತದಲ್ಲಿ ಹಿಡಿಸುತ್ತದೆ. ಚಿತ್ರವೇ ಸದ್ದಾಯಿತು. ಎಫ್‌ಎಂ ರೇಡಿಯೋ, ಒಂದು ಹೆಲಿಕಲ್ ಆಂಟೆನಾ, ಪತ್ರಿಕಾ ಕಚೇರಿಗಳಲ್ಲಿ ಇದ್ದಂಥ ಫ್ಯಾಕ್ಸ್ ಯಂತ್ರ, ಇಷ್ಟಿದ್ದರೆ ಯಾವ ದೇಶವಾದರೂ ತನ್ನ ತಲೆ ಮೇಲಿನ ಮೋಡವನ್ನು ಆ ಗಳಿಗೆಯಲ್ಲೇ ನೋಡಬಹುದಾಯಿತು. ಆಜ್ಞೆ ಬೇಡ, ಅನುಮತಿಯ ಸಂಕೇತ ಬೇಡ. ಭಾರತದಲ್ಲೂ ಅದೇ ದಶಕದಲ್ಲಿ, ಹಿಂದೂ ಮಹಾಸಾಗರದ ಅಂತರರಾಷ್ಟ್ರೀಯ ಅಧ್ಯಯನದ ಕಾಲಕ್ಕೆ ಮುಂಬೈನ ಕೊಲಾಬಾದಲ್ಲಿ ಎಪಿಟಿ ಗ್ರಾಹಕ ಬಂತು. ಅಲ್ಲಿಯವರೆಗೆ ಅರಬ್ಬೀ ಸಮುದ್ರದ ಮೇಲಿನ ಮುಂಗಾರು ಮೋಡ ಗೊತ್ತಾಗುತ್ತಿದ್ದದ್ದು ಹಡಗುಗಳು ಕಳಿಸುತ್ತಿದ್ದ ವರದಿಯಿಂದ, ವಿಮಾನದಿಂದ.

ನಿಮ್ಮ ವಿ-ಡೈಪೋಲ್ ಅದೇ ವಂಶದ್ದು. ಹವಾಮಾನ ಉಪಗ್ರಹಗಳ ಮೊದಲ ಹತ್ತು ವರ್ಷದಲ್ಲಿ ಅತಿ ದೊಡ್ಡ ಹೆಜ್ಜೆ ಯಾವುದು ಅಂತ ಕೇಳಿದರೆ ನನ್ನ ಲೆಕ್ಕದಲ್ಲಿ ಟೈರೋಸ್-1 ಅಲ್ಲ, ಟೈರೋಸ್-8.

ಜಯನಗರ_ಎಸ್‌ಡಿಆರ್

@ಮೋಡಪಟ ಮೇಡಂ, ಚೆನ್ನಾಗಿ ಬರೆದಿದ್ದೀರಿ. ಬಾಹ್ಯಾಕಾಶದಿಂದ ಭೂಮಿಯ ಮೊದಲ ಚಿತ್ರವೂ ಟೈರೋಸ್‌ದೇ ಅಲ್ಲವಾ? ಹಾಗೇ 1963ರಿಂದ 2025ರವರೆಗೆ ಒಂದೇ ಎಪಿಟಿ ನಡೆಯಿತಾ?

ಮೋಡಪಟ

ಅಲ್ಲ ಸರ್. ಅಮೆರಿಕದ ವೈಟ್ ಸ್ಯಾಂಡ್ಸ್‌ನಿಂದ 1946ರ ಅಕ್ಟೋಬರ್ 24ರಂದು ಹಾರಿಸಿದ ವಿ-2 ರಾಕೆಟ್ಟಿನ 35 ಎಂಎಂ ಕ್ಯಾಮೆರಾ ಸುಮಾರು 105 ಕಿ.ಮೀ. ಎತ್ತರದಿಂದ ತೆಗೆದದ್ದು ಮೊದಲನೆಯದು. ಕಕ್ಷೆಯಿಂದ ಮೊದಲ ಮಸುಕು ಚಿತ್ರ 1959ರ ಆಗಸ್ಟ್‌ನಲ್ಲಿ ಎಕ್ಸ್‌ಪ್ಲೋರರ್-6 ಕಳಿಸಿತು. ಮೋಡ ಅಳೆಯಲೆಂದೇ ಹೋದ ವ್ಯಾನ್‌ಗಾರ್ಡ್-2 ಅದೇ ವರ್ಷ ಫೆಬ್ರವರಿ 17ರಂದು ಹಾರಿತು, ಆದರೆ ಅಕ್ಷ ಓಲಾಡಿ ಅದರ ಮಾಹಿತಿಯಿಂದ ಚಿತ್ರ ಕಟ್ಟಲಾಗಲಿಲ್ಲ. ಭೂಮಿಗೆ ಬರುವ ಮತ್ತು ಹೋಗುವ ಶಾಖದ ಲೆಕ್ಕ ಹಾಕುವ, ಅಮೆರಿಕದ ಹವಾಮಾನ ವಿಜ್ಞಾನಿ ವರ್ನರ್ ಸುವೋಮಿ ಅವರ ಉಪಕರಣ ಅಕ್ಟೋಬರ್‌ನಲ್ಲಿ ಎಕ್ಸ್‌ಪ್ಲೋರರ್-7ರಲ್ಲಿ ಹೋಯಿತು. ಟೈರೋಸ್-1 ಮೊದಲ ಯಶಸ್ವಿ ಹವಾಮಾನ ಉಪಗ್ರಹ, ಅಷ್ಟು ಹೇಳಿದರೆ ಸರಿ.

ಎಪಿಟಿ ಹೆಸರು ಒಂದೇ, ಒಳಗಿನದ್ದು ಬದಲಾಯಿತು. 1964ರ ಆಗಸ್ಟ್ 28ರ ನಿಂಬಸ್-1 ಸದಾ ಭೂಮಿಯ ಕಡೆಗೇ ಮುಖ ಮಾಡಿ ನಿಂತ ಮೊದಲ ಹವಾಮಾನ ಉಪಗ್ರಹ. ಸೂರ್ಯನಿಗೆ ಹೊಂದಿಕೊಂಡ ಕಕ್ಷೆಯೂ ಅದರಲ್ಲೇ ಶುರು: ಭೂಮಿಯ ನಡುವಿನ ಉಬ್ಬು ಕಕ್ಷೆಯ ಸಮತಲವನ್ನು ದಿನಕ್ಕೆ ಸುಮಾರು ಒಂದು ಡಿಗ್ರಿಯಷ್ಟು ತಿರುಗಿಸುತ್ತದೆ, ಹಾಗಾಗಿ ಒಂದು ಊರಿನ ಮೇಲೆ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ. ಈಗ ಮಿಟಿಯೋರ್ ದಿನಾ ಅದೇ ವೇಳೆಗೆ ಬರುವುದೂ ಇದರಿಂದಲೇ. ನಿಂಬಸ್-1ರ ಸೌರಫಲಕ ತಿರುಗಿಸುವ ಯಂತ್ರ ಸಿಕ್ಕಿಹಾಕಿಕೊಂಡು ತಿಂಗಳೊಳಗೆ ಅದರ ಕೆಲಸ ನಿಂತಿತು. ಟೈರೋಸ್-9 (1965ರ ಜನವರಿ 22) ಬೇರೆ ದಾರಿ ಹಿಡಿಯಿತು: ಬುಗುರಿಯನ್ನು ಚಕ್ರದಂತೆ ಮಲಗಿಸಿ, ಕ್ಯಾಮೆರಾಗಳನ್ನು ಅಂಚಿಗೆ ತಂದರು. ಚಕ್ರ ಉರುಳಿದಂತೆ ಪ್ರತಿ ಸುತ್ತಿಗೂ ಕ್ಯಾಮೆರಾ ನೇರ ಕೆಳಗೆ ನೋಡುತ್ತದೆ. 1966ರಿಂದ ಅಮೆರಿಕದ ಎಸ್ಸಾ ಉಪಗ್ರಹ ಸರಣಿಗೆ ಇದೇ ಮಾದರಿ. ಎಸ್ಸಾ-2, 4, 6, 8ರಲ್ಲಿ ಎಪಿಟಿ.

1972ರ ಅಕ್ಟೋಬರ್‌ನ ನೋವಾ-2ರಲ್ಲಿ ಟಿವಿ ಕ್ಯಾಮೆರಾ ಪೂರ್ತಿ ಹೋಗಿ, ಕನ್ನಡಿ ತಿರುಗಿಸಿ ಗೆರೆಗೆರೆಯಾಗಿ ಓದುವ ರೇಡಿಯೋಮೀಟರ್ ಬಂತು. ಅದು ಶಾಖದ ಬೆಳಕನ್ನೂ ಓದುತ್ತಿದ್ದುದರಿಂದ ರಾತ್ರಿ ಚಿತ್ರವೂ ಸಿಗುತ್ತಿತ್ತು. 2025ರಲ್ಲಿ ನಿಂತುಹೋದ, ಸೆಕೆಂಡಿಗೆ ಎರಡು ಗೆರೆಯ ಎಪಿಟಿ 1978ರ ಟೈರೋಸ್-ಎನ್ ಕಾಲದ್ದು. 2400 ಹರ್ಟ್ಸ್‌ನ ಸ್ವರ ಮಾತ್ರ ಕೊನೆಯವರೆಗೂ ಬದಲಾಗಲಿಲ್ಲ.

ಕಡ್ಡಿ_ಕೇಬಲ್

ಆಂಟೆನಾ ಕಡೆ ಬರೋಣ. @ಬನಶಂಕರಿ_ಬಾನು ಅವರೇ, ಇವನ್ನು ಒಂದೊಂದಾಗಿ ನೋಡಿ.

ಕಡ್ಡಿ ಒಂದೊಂದೂ 53.4 ಸೆಂ.ಮೀ. ಇರಬೇಕು, ನಡುವಿನ ಕೋನ 120 ಡಿಗ್ರಿ. ಕೋನಮಾಪಕ ಬೇಡ, ಎರಡು ತುದಿಗಳ ನಡುವೆ ಟೇಪ್ ಹಿಡಿದರೆ 92.5 ಸೆಂ.ಮೀ. ಬರಬೇಕು. ನೆಲಕ್ಕೆ ಸಮನಾಗಿ ಮಲಗಿಸಿ, ವಿ ಬಾಯಿ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಈ ಉಪಗ್ರಹಗಳು ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಹಾಯುತ್ತವೆ, ಕಡ್ಡಿಯ ತುದಿಗಳ ಕಡೆ ಅಂದರೆ ಪೂರ್ವ ಪಶ್ಚಿಮಕ್ಕೆ ಈ ಆಂಟೆನಾ ಕಿವುಡು. ಉಪಗ್ರಹದ ಅಲೆ ಬಲಕ್ಕೆ ಸುತ್ತುವ ಧ್ರುವೀಕರಣದ್ದು, ನಿಮ್ಮದು ಸಪಾಟು ಡೈಪೋಲ್, ಆದ್ದರಿಂದ 3 ಡಿಬಿ, ಅಂದರೆ ಅರ್ಧ ಬಲ, ಹೇಗಿದ್ದರೂ ಹೋಗುತ್ತೆ. ಅದೇ ಕಾರಣಕ್ಕೆ ನೆಲದ ಮೇಲಿನ ನೆಟ್ಟನೆ ಆಂಟೆನಾಗಳ ಗದ್ದಲ ಇದಕ್ಕೆ ಅಷ್ಟು ತಗಲುವುದಿಲ್ಲ. ನಗರದಲ್ಲಿ ಇದು ಲಾಭದ ವ್ಯಾಪಾರ.

ಅಲ್ಯೂಮಿನಿಯಂಗೆ ಮಾಮೂಲಿ ಸೋಲ್ಡರ್ ಹಿಡಿಯಲ್ಲ. ಹಿಡಿದ ಹಾಗೆ ಕಂಡರೂ ಒಂದು ವಾರಕ್ಕೆ ಬಿಡುತ್ತೆ. ಎಲೆಕ್ಟ್ರಿಕಲ್ ಅಂಗಡಿಯ ಸ್ಕ್ರೂ ಕನೆಕ್ಟರ್ ತುಂಡು ತಗೊಂಡು, ಕಡ್ಡಿಯ ತುದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ಸ್ಕ್ರೂ ಬಿಗಿ ಮಾಡಿ. ಒಳತಂತಿ ಒಂದು ಕಡ್ಡಿಗೆ, ಹೊರ ಜಾಲರಿ ಇನ್ನೊಂದಕ್ಕೆ. ಮಲ್ಟಿಮೀಟರ್‌ನಲ್ಲಿ ಎರಡು ಕಡ್ಡಿಗಳ ನಡುವೆ ಬೀಪ್ ಬರಬಾರದು, ಪ್ರತಿ ಕಡ್ಡಿಯಿಂದ ಕೇಬಲ್ಲಿನ ಆ ತುದಿಗೆ ಬೀಪ್ ಬರಬೇಕು. ಜಾಲರಿಯ ಒಂದೇ ಒಂದು ಎಳೆ ಒಳತಂತಿಗೆ ತಗುಲಿದ್ದರೆ ಏನೂ ಕೇಳಲ್ಲ.

ಎಸ್‌ಪಿ ರೋಡ್‌ನಲ್ಲಿ ಕನೆಕ್ಟರ್ ಕೊಳ್ಳುವಾಗ ಎಸ್‌ಎಂಎ ಅಂತ ಕೇಳಿದರೆ ವೈಫೈ ಆಂಟೆನಾದ ಆರ್‌ಪಿ-ಎಸ್‌ಎಂಎ ಕೊಡುವುದೂ ಉಂಟು. ಎರಡೂ ನೋಡಲು ಒಂದೇ, ತಿರುಪೂ ಸರಿಯಾಗಿ ಕೂರುತ್ತೆ. ಆದರೆ ನಡುವಿನ ಸೂಜಿ ಇಲ್ಲ, ಎರಡು ಕಡೆಯೂ ತೂತು. ಡಾಂಗಲ್‌ನಲ್ಲಿ ತೂತು, ಕೇಬಲ್ಲಿನ ತುದಿಯಲ್ಲಿ ಸೂಜಿ ಇರಬೇಕು, ಕಣ್ಣಿಟ್ಟು ನೋಡಿ.

ಕೇಬಲ್: 15 ಮೀಟರ್ ಆರ್‌ಜಿ-58 ಈ ಫ್ರೀಕ್ವೆನ್ಸಿಯಲ್ಲಿ ಸುಮಾರು 3 ಡಿಬಿ ನುಂಗುತ್ತೆ, ಅರ್ಧ ಸಿಗ್ನಲ್ ದಾರಿಯಲ್ಲೇ ಹೋಯಿತು. ಡಿಶ್ ಟಿವಿಗೆ ಎಳೆಯುವ ಆರ್‌ಜಿ-6 ಅಗ್ಗ, ನಷ್ಟ ಒಂದು ಡಿಬಿ ಆಸುಪಾಸು. ಅದು 75 ಓಮ್ ಅಂತ ಚಿಂತೆ ಬೇಡ, ಹೊಂದಾಣಿಕೆ ತಪ್ಪುವುದರಿಂದ ಹೋಗುವುದು 0.2 ಡಿಬಿಗಿಂತ ಕಡಿಮೆ. ಆಂಟೆನಾ ಹತ್ತಿರ ಕೇಬಲ್ಲನ್ನು ನಾಲ್ಕೈದು ಸುತ್ತು ಸುತ್ತಿ ಟೈ ಹಾಕಿ, ಜಾಲರಿಯ ಹೊರಮೈ ಆಂಟೆನಾ ಹಾಗೆ ಮನೆಯ ಗದ್ದಲ ಹಿಡಿಯುವುದು ತಗ್ಗುತ್ತೆ.

ಈಗ ನೀವು ಹೇಳಿದ ಎರಡು ಲಕ್ಷಣ. ಒಂದೇ ಅಂತರದ ಉದ್ದ ಗೆರೆಗಳು ಬರುವುದು ಸ್ವಿಚಿಂಗ್ ಸಪ್ಲೈನಿಂದ: ಲ್ಯಾಪ್‌ಟಾಪ್ ಚಾರ್ಜರ್, ಎಲ್‌ಇಡಿ ಬಲ್ಬಿನ ಡ್ರೈವರ್, ಯುಪಿಎಸ್. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಲಿ, ಚಾರ್ಜರ್ ಗೋಡೆಯಿಂದಲೇ ಕಿತ್ತಿಡಿ. ಇನ್ನೂ ಇದ್ದರೆ ಐದು ನಿಮಿಷ ಮನೆಯ ಮೇನ್ ಆರಿಸಿ ನೋಡಿದರೆ ತಪ್ಪು ನಿಮ್ಮ ಮನೆಯದಾ, ಪಕ್ಕದ ಮನೆಯದಾ ಅಂತ ತಿಳಿಯುತ್ತೆ.

ಗೇನ್ ಏರಿಸಿದಾಗ ತಳವೆಲ್ಲ ಏಳುವುದು ಡಾಂಗಲ್ ತುಂಬಿ ಉಕ್ಕಿದ ಲಕ್ಷಣ. ಬೆಂಗಳೂರಿನಲ್ಲಿ 91ರಿಂದ 104 ಮೆಗಾಹರ್ಟ್ಸ್‌ವರೆಗೆ ಎಫ್‌ಎಂ ಕೇಂದ್ರಗಳು ಸಾಲಾಗಿವೆ, ಆ ಬಲದ ಮುಂದೆ 800 ಕಿ.ಮೀ. ದೂರದ ಉಪಗ್ರಹದ ಕೆಲವೇ ವಾಟ್ ಎಲ್ಲಿಯದು! ಆಟೋ ಗೇನ್ ತೆಗೆದುಹಾಕಿ. 20ರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಏರಿಸಿ. ಸಿಗ್ನಲ್ ಮತ್ತು ತಳದ ನಡುವಿನ ಅಂತರ ಹೆಚ್ಚುವವರೆಗೆ ಮಾತ್ರ ಏರಿಸುವುದು, ಎರಡೂ ಜೊತೆಯಾಗಿ ಏಳಲು ಶುರುವಾದರೆ ಎರಡು ಮೆಟ್ಟಿಲು ಇಳಿಸಿ. 88-108 ಅನ್ನು ತಡೆಯುವ ಎಫ್‌ಎಂ ನಾಚ್ ಫಿಲ್ಟರ್ ಹಾಕಿದರೆ ಇನ್ನೂ ಒಳ್ಳೆಯದು. ಎಲ್‌ಎನ್‌ಎ (ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಆಂಪ್ಲಿಫೈಯರ್) ತಗೊಳ್ಳುವುದಾದರೆ ಕ್ರಮ ಹೀಗೆ: ಆಂಟೆನಾ, ಫಿಲ್ಟರ್, ಎಲ್‌ಎನ್‌ಎ, ಆಮೇಲೆ ಉದ್ದದ ಕೇಬಲ್. ಫಿಲ್ಟರ್ ಇಲ್ಲದೆ ಎಲ್‌ಎನ್‌ಎ ಇಟ್ಟರೆ ಎಫ್‌ಎಂ ಕೇಂದ್ರಗಳನ್ನೇ ಇನ್ನಷ್ಟು ಜೋರು ಮಾಡಿಕೊಂಡಂತೆ. ವಿ3 ಡಾಂಗಲ್ಲಿನ ಬಯಾಸ್-ಟೀ ಅನ್ನುವ ಏರ್ಪಾಡು ಎಲ್‌ಎನ್‌ಎಗೆ ಬೇಕಾದ 4.5 ವೋಲ್ಟ್ ಕೇಬಲ್ಲಿನಲ್ಲೇ ಕಳಿಸುತ್ತೆ. ವಿ-ಡೈಪೋಲ್‌ಗೆ ಅದರಿಂದ ತೊಂದರೆ ಇಲ್ಲ, ಮುಂದೆ ಸುರುಳಿಯಾಕಾರದ ಕ್ಯುಎಫ್‌ಎಚ್ ಆಂಟೆನಾ ಕಟ್ಟಿದರೆ ಅದು ಡಿಸಿಗೆ ಶಾರ್ಟ್, ಎಲ್‌ಎನ್‌ಎ ಇಲ್ಲದೆ ಬಯಾಸ್-ಟೀ ಹಾಕಬೇಡಿ.

ಬನಶಂಕರಿ_ಬಾನು

ಎಲ್ಲರಿಗೂ ಧನ್ಯವಾದ. ಚಾರ್ಜರ್ ತೆಗೆದ ಕೂಡಲೇ ಗೆರೆಗಳು ಮಾಯ. ಆರ್‌ಜಿ-6 ಎಳೆದು ನಾಚ್ ಫಿಲ್ಟರ್ ಹಾಕಿದ ಮೇಲೆ 137.9ರಲ್ಲಿ ಎಂ2-4ರ ದಿಬ್ಬ ಸ್ಪಷ್ಟವಾಗಿ ಎದ್ದಿತು. ಚಿತ್ರವೂ ಬಂತು, ಶ್ರೀಲಂಕಾ ಮತ್ತು ಕೇರಳ ಕರಾವಳಿ ಚೆನ್ನಾಗಿವೆ. ಆದರೆ ಒಂದು ವಿಚಿತ್ರ: ಉಪಗ್ರಹ 25-35 ಡಿಗ್ರಿಯಲ್ಲಿದ್ದಾಗ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಳತೆ) 8 ಡಿಬಿ, ನೆತ್ತಿಯ ಮೇಲೆ ಬಂದಾಗ 3ಕ್ಕೆ ಇಳಿದು ಸ್ಯಾಟ್‌ಡಂಪ್‌ನ ಡಿಫ್ರೇಮರ್ ನೋಸಿಂಕ್, ಅಂದರೆ ಮಾಹಿತಿ ಹಿಡಿಯಲಾಗುತ್ತಿಲ್ಲ, ಅನ್ನುತ್ತೆ. ಆಚೆ ಕಡೆ ಇಳಿಯುವಾಗ ಮತ್ತೆ ಹಿಡಿಯುತ್ತೆ. ಹತ್ತಿರ ಬಂದಾಗಲೇ ಸಿಗ್ನಲ್ ಕಮ್ಮಿಯಾಗುವುದು ಹೇಗೆ? ಚಿತ್ರದ ನಡುವೆ, ಸರಿಯಾಗಿ ಕರ್ನಾಟಕದ ಮೇಲೆ ಕಪ್ಪು ಪಟ್ಟಿ.

ಕಡ್ಡಿ_ಕೇಬಲ್

110 ಸೆಂ.ಮೀ. ಪೈಪ್ ಅಂದಿದ್ದಿರಿ, ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ಕಾರಣ ಅದೇ.

137 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 2.18 ಮೀಟರ್. ಆಂಟೆನಾಗೆ ಸಿಗ್ನಲ್ ಎರಡು ದಾರಿಯಲ್ಲಿ ಬರುತ್ತೆ: ನೇರವಾಗಿ ಮೇಲಿನಿಂದ, ಮತ್ತೆ ತಾರಸಿಯ ಕಾಂಕ್ರೀಟು ಕಂಬಿಗೆ ತಾಗಿ ಕೆಳಗಿನಿಂದ. ತಾಗಿ ಮರಳುವಾಗ ಅಲೆ ತಲೆಕೆಳಗಾಗುತ್ತೆ. ಆಂಟೆನಾ ಅರ್ಧ ಅಲೆಯ ಎತ್ತರದಲ್ಲಿದ್ದರೆ, ಅಂದರೆ ಸರಿಯಾಗಿ ನಿಮ್ಮ 110 ಸೆಂ.ಮೀ., ನೆತ್ತಿಯಿಂದ ಬಂದ ಅಲೆ ಕೆಳಗೆ ಹೋಗಿ ಬರುವಷ್ಟರಲ್ಲಿ ಒಂದು ಪೂರ್ತಿ ಅಲೆಯಷ್ಟು ನಡೆದಿರುತ್ತೆ, ಮೇಲಾಗಿ ತಲೆಕೆಳಗಾಗಿರುತ್ತೆ. ನೇರ ಬಂದದ್ದನ್ನೇ ಅದು ಕಡಿಯುತ್ತೆ. ಅದೇ 30 ಡಿಗ್ರಿಯಲ್ಲಿ ದಾರಿಯ ವ್ಯತ್ಯಾಸ ಅರ್ಧ ಅಲೆ, ಆಗ ಎರಡೂ ಕೂಡಿಕೊಳ್ಳುತ್ತವೆ. ನಿಮಗೆ ಕಂಡ 8 ಮತ್ತು 3 ಇದೇ. ಕಾಂಕ್ರೀಟು ಒಳ್ಳೆಯ ಕನ್ನಡಿಯಲ್ಲ, ಅದಕ್ಕೇ ಸಿಗ್ನಲ್ ಪೂರ್ತಿ ಸಾಯದೆ 3ರಲ್ಲಿ ನಿಂತಿದೆ.

ಪೈಪನ್ನು 55ರಿಂದ 60 ಸೆಂ.ಮೀ.ಗೆ ಕತ್ತರಿಸಿ. ಕಾಲು ಅಲೆಯ ಎತ್ತರದಲ್ಲಿ ನೆತ್ತಿಯ ಸಿಗ್ನಲ್ ಕೂಡಿಕೊಂಡು ಬರುತ್ತೆ. ಪ್ಯಾರಪೆಟ್ ಚಿಂತೆ ಬೇಡ: 90 ಸೆಂ.ಮೀ. ಗೋಡೆಯಿಂದ 3 ಮೀಟರ್ ದೂರ ಇಟ್ಟರೆ ಮರೆಯಾಗುವುದು ಬರೀ 6 ಡಿಗ್ರಿ, ಅಷ್ಟು ಕೆಳಗೆ ಹೇಗೂ ಚಿತ್ರ ಸಿಗಲ್ಲ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಬಟ್ಟೆ ಒಣಹಾಕುವ ತಂತಿ, ಸೋಲಾರ್ ಹೀಟರ್ ಇವುಗಳಿಂದ 2 ಮೀಟರ್ ಆಚೆ ಇರಲಿ.

ಅಲೆಮನೆ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಪಿಟಿಯಲ್ಲಿ ಸಿಗ್ನಲ್ ಕುಗ್ಗಿದರೆ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಕಾಣುತ್ತಿತ್ತು, ಆದರೂ ಮೋಡ ಗುರುತಾಗುತ್ತಿತ್ತು. ಎಲ್‌ಆರ್‌ಪಿಟಿ ಡಿಜಿಟಲ್, ಜೆಪೆಗ್ ತುಂಡುಗಳಲ್ಲಿ ಬರುತ್ತೆ. ಒಂದು ಮಿತಿಯವರೆಗೆ ಒಂದು ಚುಕ್ಕೆಯೂ ಕೆಡಲ್ಲ, ಮಿತಿ ದಾಟಿದರೆ ಗೆರೆಗೆರೆಯೇ ಕಪ್ಪು. ಸ್ಯಾಟ್‌ಡಂಪ್‌ನ ಚುಕ್ಕೆ ಚಿತ್ರದಲ್ಲಿ ನಾಲ್ಕು ಗುಂಪು ಬೇರೆ ಬೇರೆಯಾಗಿ ನಿಂತರೆ ಸರಿ, ಎಲ್ಲ ಕಲಸಿ ಒಂದೇ ಉಂಡೆಯಾದರೆ ಅಲ್ಲಿ ಪಟ್ಟಿ ಬಿತ್ತು ಅಂತಲೇ ಲೆಕ್ಕ. ಪ್ರತಿಫಲವೂ ದೊಡ್ಡದು: ಎಪಿಟಿಯ ಒಂದು ಚುಕ್ಕೆ 4 ಕಿ.ಮೀ., ಇದರದ್ದು 1 ಕಿ.ಮೀ. ಚಿತ್ರದ ಅಗಲ 2800 ಕಿ.ಮೀ., ಉಪಗ್ರಹ ದಿಗಂತದಿಂದ 10 ಡಿಗ್ರಿ ಏರಿದಾಗಿನಿಂದ ಆಚೆ 10 ಡಿಗ್ರಿಗೆ ಇಳಿಯುವವರೆಗೆ ಹಿಡಿದರೆ ಸುಮಾರು 11 ನಿಮಿಷ. ಬೆಂಗಳೂರಿನಿಂದ ಹಿಮಾಲಯದ ಹಿಮದಿಂದ ಹಿಡಿದು ಸಮಭಾಜಕದ ಕೆಳಗಿನವರೆಗೆ ಒಂದೇ ಹಾಳೆಯಲ್ಲಿ ಬರುತ್ತೆ.

ರಾತ್ರಿ ಪಾಸ್‌ನಲ್ಲಿ ಬೆಳಕಿನ ಚಾನೆಲ್ ಕಪ್ಪಾಗಿದ್ದರೆ ಗಾಬರಿ ಬೇಡ, ಶಾಖದ ಚಾನೆಲ್ ನೋಡಿ. ಮೋಡ ಕವಿದ ದಿನ, ಮಳೆ ಬರುವಾಗ ಸಿಗ್ನಲ್ ಕಮ್ಮಿಯಾಗುವುದೂ ಇಲ್ಲ, 137 ಮೆಗಾಹರ್ಟ್ಸ್‌ಗೆ ಮೋಡ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಹಾಸನ_ರಸ್ತೆ

ಇನ್ಸಾಟ್ ಪ್ರಶ್ನೆ ಉಳಿದಿದೆ. ಇನ್ಸಾಟ್ 36,000 ಕಿ.ಮೀ. ದೂರದಲ್ಲಿ ಒಂದೇ ಕಡೆ ನಿಂತದ್ದು, ಮಿಟಿಯೋರ್‌ಗಿಂತ ನಲವತ್ತು ಪಟ್ಟು ದೂರ. ಚಿತ್ರದ ಕಚ್ಚಾ ಮಾಹಿತಿ 4.5 ಗಿಗಾಹರ್ಟ್ಸ್‌ಗಿಂತ ಮೇಲಿನ ವಿಸ್ತೃತ ಸಿ-ಬ್ಯಾಂಡ್‌ನಲ್ಲಿ ಇಳಿಯುತ್ತದೆ, ಅದಕ್ಕೆ ದೊಡ್ಡ ಡಿಶ್ ಬೇಕು. ಕಡ್ಡಿ ಆಂಟೆನಾದ ಕೆಲಸವಲ್ಲ. ಇನ್ಸಾಟ್-3ಡಿಆರ್, 3ಡಿಎಸ್ ಚಿತ್ರಗಳು ಹವಾಮಾನ ಇಲಾಖೆಯ ಮತ್ತು ಇಸ್ರೋದ ಮೋಸ್ಡಾಕ್‌ನ ವೆಬ್‌ಸೈಟಿನಲ್ಲಿ ಸಿಗುತ್ತವೆ, ನಿಮ್ಮ ಮಿಟಿಯೋರ್ ಚಿತ್ರದ ಪಕ್ಕ ಅದೇ ಹೊತ್ತಿನದ್ದನ್ನು ಇಟ್ಟು ನೋಡಿ.

ಇತಿಹಾಸ ಕೇಳಿದ್ದಿರಿ ಅಂತ ಇನ್ನೊಂದು. ಒಂದೇ ಕಡೆ ನಿಂತು ಮೋಡ ನೋಡುವ ಕ್ಯಾಮೆರಾ ಮೊದಲು ಹೋದದ್ದು 1966ರ ಡಿಸೆಂಬರ್‌ನಲ್ಲಿ ಎಟಿಎಸ್-1ರಲ್ಲಿ, ಅದೂ ಸುವೋಮಿ ಅವರದೇ ಕಲ್ಪನೆ. ಉಪಗ್ರಹ ನಿಮಿಷಕ್ಕೆ 100 ಸುತ್ತು ತಿರುಗುವಾಗ ಸುತ್ತಿಗೊಂದು ಗೆರೆ, ಇಪ್ಪತ್ತು ನಿಮಿಷಕ್ಕೆ ಒಂದು ಚಿತ್ರ. ಮೋಡ ಚಲಿಸುವುದು ಕಂಡದ್ದು ಅಲ್ಲಿಂದಲೇ. ನಮ್ಮಲ್ಲಿ 1979ರ ಜೂನ್ 7ರ ಭಾಸ್ಕರ-1ರಲ್ಲಿ ಟಿವಿ ಕ್ಯಾಮೆರಾ ಮತ್ತು ಗಾಳಿಯ ತೇವ ಅಳೆಯುವ ಸಮೀರ್ ಮೈಕ್ರೋವೇವ್ ರೇಡಿಯೋಮೀಟರ್ ಇದ್ದವು. ಆಮೇಲೆ ಇನ್ಸಾಟ್-1ಎ, 1982ರ ಏಪ್ರಿಲ್ 10.

ಇನ್ಸಾಟ್-1ರ ಚಿತ್ರ ನೋಡಿದರೆ ಒಂದೇ ಕಡೆ ಸೌರಫಲಕ, ಇನ್ನೊಂದು ಕಡೆ ಉದ್ದ ಕೋಲಿನ ತುದಿಯಲ್ಲಿ ಒಂದು ಹಾಯಿ. ಅದು ಅಂದಕ್ಕಲ್ಲ. ಶಾಖ ನೋಡುವ ಸಂವೇದಕ ತಾನೇ ಬಿಸಿಯಾಗಿದ್ದರೆ ಮೋಡದ ಶಾಖ ತಿಳಿಯದು, ಅದನ್ನು ಅತಿ ಶೀತದಲ್ಲಿಡಬೇಕು. ಅದಕ್ಕೆ ಉತ್ತರದ ಮೈಯಲ್ಲಿ ಕತ್ತಲ ಆಕಾಶಕ್ಕೆ ಶಾಖ ಚೆಲ್ಲುವ ಶೀತಕ ಇಡುತ್ತಾರೆ. ಆ ಬದಿಯಲ್ಲಿ ಸೌರಫಲಕ ಇದ್ದರೆ ಅದರ ಬಿಸಿ ಶೀತಕದೊಳಗೆ ಬೀಳುತ್ತದೆ, ಆದ್ದರಿಂದ ಫಲಕ ದಕ್ಷಿಣಕ್ಕೆ ಮಾತ್ರ. ಆಗ ಬಿಸಿಲಿನ ಒತ್ತಡ ಒಂದೇ ಕಡೆ ಬಿದ್ದು ಉಪಗ್ರಹ ತಿರುಗುತ್ತದೆ. ಅದನ್ನು ಸರಿದೂಗಿಸಲು ಆಚೆ ಹಾಯಿ. 1ಎಯಲ್ಲಿ ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ಭಂಗಿ ಉಳಿಸಲು ಇಂಧನ ಖರ್ಚಾಗುತ್ತ ಹೋಗಿ, ಸೆಪ್ಟೆಂಬರ್ ಹೊತ್ತಿಗೆ ಮುಗಿದು ಉಪಗ್ರಹ ಕೈಬಿಟ್ಟಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ 1ಬಿ ವರ್ಷಗಟ್ಟಲೆ ಕೆಲಸ ಮಾಡಿತು. ಬೆಳಕಿನಲ್ಲಿ 2.75 ಕಿ.ಮೀ., ಶಾಖದಲ್ಲಿ 11 ಕಿ.ಮೀ. ವಿವರದ ಚಿತ್ರ, ಹಗಲೂ ರಾತ್ರಿಯೂ.

ಭೂಸ್ಥಿರ ಉಪಗ್ರಹವನ್ನೇ ಮನೆಯಿಂದ ಹಿಡಿಯಬೇಕು ಅಂತಿದ್ದರೆ ಕೊರಿಯಾದ ಜಿಕೆ-2ಎ ಇದೆ, 128.2 ಪೂರ್ವದಲ್ಲಿ, 1692.14 ಮೆಗಾಹರ್ಟ್ಸ್. ಬೆಂಗಳೂರಿನಿಂದ ಪೂರ್ವಕ್ಕೆ ಸ್ವಲ್ಪ ದಕ್ಷಿಣ, ದಿಕ್ಕು ಸುಮಾರು 100 ಡಿಗ್ರಿ, ಎತ್ತರ ಸುಮಾರು 30 ಡಿಗ್ರಿ. 60ರಿಂದ 90 ಸೆಂ.ಮೀ.ನ ಜಾಲರಿ ಡಿಶ್, ಆ ಬ್ಯಾಂಡಿನ ಎಲ್‌ಎನ್‌ಎ, ಇದೇ ಡಾಂಗಲ್ ಸಾಕು. ಪೂರ್ವಕ್ಕೆ ಮರ ಅಡ್ಡ ಇದ್ದರೆ ಮಾತ್ರ ಆಗುವುದಿಲ್ಲ, ಒದ್ದೆ ಎಲೆ ಈ ಫ್ರೀಕ್ವೆನ್ಸಿಯನ್ನು ಚೆನ್ನಾಗಿ ಕುಡಿಯುತ್ತದೆ.

ಬನಶಂಕರಿ_ಬಾನು

ಪೈಪ್ 57 ಸೆಂ.ಮೀ.ಗೆ ಕತ್ತರಿಸಿದೆ. ನೆತ್ತಿಯಲ್ಲಿ ಎಸ್‌ಎನ್‌ಆರ್ 11, ಪಟ್ಟಿ ಹೋಯಿತು. ಕಾವೇರಿ ಕಣಿವೆಯ ಮೇಲಿನ ಮೋಡದ ಸಾಲೂ ಬಿಡಿಬಿಡಿಯಾಗಿ ಕಾಣುತ್ತಿದೆ. ಆಂಟೆನಾವನ್ನು ಹೀಗೇ ತಾರಸಿಯಲ್ಲಿ ಕಾಯಂ ಬಿಡಬಹುದಾ?

ಕಡ್ಡಿ_ಕೇಬಲ್

ಬಿಡಬಹುದು. ಸ್ಕ್ರೂ ಕನೆಕ್ಟರನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಕೇಬಲ್ ಕೆಳಗಿನಿಂದ ಒಳಗೆ ಹೋಗಲಿ, ತಳಕ್ಕೆ ಒಂದು ಸಣ್ಣ ತೂತು ಹಾಕಿ. ಪೂರ್ತಿ ಮುಚ್ಚಿದರೆ ಒಳಗೆ ಬೆವರಿ ನೀರು ನಿಲ್ಲುತ್ತೆ, ಅದು ಜಾಲರಿಯ ಎಳೆ ಹಿಡಿದು ಕೇಬಲ್ಲಿನೊಳಗೆ ಇಳಿದರೆ ಕೇಬಲ್ಲೇ ಹಾಳು. ಕೇಬಲ್ ಮನೆಯೊಳಗೆ ಬರುವ ಕಡೆ ಕೆಳಕ್ಕೆ ಒಂದು ಜೋಲು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತೆ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆಗೆ ಮೊದಲೇ ಕೇಬಲ್ಲನ್ನು ಡಾಂಗಲ್‌ನಿಂದ ಕಳಚಿ ಕಿಟಕಿಯ ಆಚೆ ಇಡಿ. ಡಾಂಗಲ್‌ನಲ್ಲಿ ಬಿಟ್ಟು ಲ್ಯಾಪ್‌ಟಾಪಿನಿಂದ ಮಾತ್ರ ಕಿತ್ತರೆ ಸಾಲದು. ದೂರದಲ್ಲಿ ಹೊಡೆದ ಸಿಡಿಲೂ ಆ ತಂತಿಯಲ್ಲಿ ಡಾಂಗಲ್‌ನ ಟ್ಯೂನರ್ ಸುಡುವಷ್ಟು ವೋಲ್ಟೇಜ್ ಎಬ್ಬಿಸುತ್ತೆ.